ಹೀತ್‌ಕ್ಲಿಫ್‌ನ ಮೈಬಣ್ಣ



ಸಾಹಿತ್ಯಕೃತಿ ಇನ್ನೊಂದು ಕಲೆಯ ಕೈಗೆ ಹೋದಾಗ ಅದಕ್ಕೆ ಏನಾಗುತ್ತದೆ ಎಂಬುದರ ಬಗ್ಗೆ ಮಾತಾಡಬೇಕು ಎನ್ನುವುದು ಈ ಉಪನ್ಯಾಸದ ದತ್ತಿಯ ಷರತ್ತು. ಷರತ್ತು ವಿಶಾಲವಾಗಿದೆ, ನಾನು ಬೇಕೆಂದೇ ಅದನ್ನು ಕಿರಿದು ಮಾಡಿಕೊಂಡಿದ್ದೇನೆ. ಒಂದು ಇಂಗ್ಲಿಷ್ ಕಾದಂಬರಿ, ಅದರಲ್ಲಿ ಒಬ್ಬ ಹುಡುಗ, ಅವನ ಮೈಬಣ್ಣ, ಆ ಬಣ್ಣವನ್ನು ಸಿನಿಮಾದವರು ಏನು ಮಾಡಿದರು ಎಂಬ ಕಥೆ. ಇಷ್ಟೇ ನನ್ನ ವಿಷಯ. ನಡುವೆ ಮುಂಬಯಿ ಬರುತ್ತದೆ, ಡಾರ್ಜಿಲಿಂಗ್ ಬರುತ್ತದೆ, ಕೊನೆಗೆ ನಮ್ಮ ಉತ್ತರ ಕನ್ನಡವೂ ಒಂದಿಷ್ಟು ಬರುತ್ತದೆ. ಅವನ್ನು ನಾನಾಗಿ ಎಳೆದು ತಂದದ್ದಲ್ಲ, ವಿಷಯದಲ್ಲೇ ಇವೆ.

2024ರಲ್ಲಿ ಇಂಗ್ಲೆಂಡಿನ ನಿರ್ದೇಶಕಿ ಎಮರಾಲ್ಡ್ ಫೆನೆಲ್ ಅವರು ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಕಾದಂಬರಿಯನ್ನು ತೆರೆಗೆ ತರುತ್ತಿದ್ದಾರೆಂದೂ, ಹೀತ್‌ಕ್ಲಿಫ್ ಪಾತ್ರಕ್ಕೆ ಆಸ್ಟ್ರೇಲಿಯಾದ ಜೇಕಬ್ ಎಲೋರ್ಡಿಯನ್ನು ಆರಿಸಿದ್ದಾರೆಂದೂ ಸುದ್ದಿ ಬಂತು. ಬಂದದ್ದೇ ತಡ, ಜಗಳ ಶುರುವಾಯಿತು. ಹೀತ್‌ಕ್ಲಿಫ್ ಬಿಳಿಯನಲ್ಲ, ಪುಸ್ತಕದಲ್ಲೇ ಬರೆದಿದೆ, ಓದಿಲ್ಲವೆ ಎಂದು ಒಂದು ಪಕ್ಷ. ಪುಸ್ತಕದಲ್ಲಿ ಅಷ್ಟು ಖಚಿತವಾಗಿ ಎಲ್ಲಿದೆ, ತೋರಿಸಿ ಎಂದು ಇನ್ನೊಂದು ಪಕ್ಷ. ಮರುವರ್ಷ ಆ ಚಿತ್ರದ ಪಾತ್ರವರ್ಗವನ್ನು ಆಯ್ದ ಕಾಸ್ಟಿಂಗ್ ನಿರ್ದೇಶಕಿ ಒಂದು ಚಿತ್ರೋತ್ಸವದ ವೇದಿಕೆಯಲ್ಲಿ, ಇದ್ದದ್ದು ಇದ್ದಂತೆಯೇ ಯಾಕಿರಬೇಕು, ಅದು ಬರೀ ಪುಸ್ತಕ ತಾನೆ ಎಂಬರ್ಥದ ಮಾತಾಡಿದರು. ಉರಿಯುವ ಬೆಂಕಿಗೆ ತುಪ್ಪ ಬಿತ್ತು. ‘ಬರೀ ಪುಸ್ತಕ’ ಎಂದರೆ ನನ್ನಂಥ ಮೇಷ್ಟ್ರಿಗೆ ಸಿಟ್ಟು ಬರುವುದು ಸಹಜ. ಆದರೆ ಪುಸ್ತಕದ ಪರವಾಗಿ ಕೂಗಾಡಿದವರಲ್ಲಿ ಎಷ್ಟು ಜನ ಪುಸ್ತಕವನ್ನು ಮತ್ತೆ ತೆರೆದು ನೋಡಿದರು ಎಂಬ ಅನುಮಾನವೂ ನನಗಿದೆ. ಆದ್ದರಿಂದ ಮೊದಲು ಪುಸ್ತಕ.

ಕಾದಂಬರಿ ಅಚ್ಚಾದದ್ದು 1847ರ ಡಿಸೆಂಬರ್‌ನಲ್ಲಿ, ಎಲಿಸ್ ಬೆಲ್ ಎಂಬ ಗಂಡುಹೆಸರಿನ ಮರೆಯಲ್ಲಿ. ಒಂದೇ ವರ್ಷದಲ್ಲಿ, 30ನೇ ವಯಸ್ಸಿಗೆ ಎಮಿಲಿ ತೀರಿಕೊಂಡಳು. ಹೀತ್‌ಕ್ಲಿಫ್ ಯಾರು ಎಂದು ಅವಳನ್ನು ಕೇಳುವ ಅವಕಾಶ ಯಾರಿಗೂ ಸಿಗಲಿಲ್ಲ. ಕಥೆ ನಡೆಯುವುದು ಅದಕ್ಕೂ ಹಿಂದಿನ ಶತಮಾನದಲ್ಲಿ. 1926ರಲ್ಲಿ ಸಿ. ಪಿ. ಸ್ಯಾಂಗರ್ ಎಂಬ ವಕೀಲರು ಕಾದಂಬರಿಯೊಳಗಿನ ತಿಂಗಳು, ಸುಗ್ಗಿ, ವಯಸ್ಸುಗಳನ್ನೆಲ್ಲ ತಾಳೆ ಹಾಕಿ, ಅರ್ನ್‌ಶಾ ಯಜಮಾನ ಲಿವರ್‌ಪೂಲಿಗೆ ನಡೆದುಹೋದದ್ದು 1771ರ ಬೇಸಿಗೆಯಲ್ಲಿ ಎಂದು ತೋರಿಸಿಕೊಟ್ಟರು. ಹೋಗುವುದಕ್ಕೆ 60 ಮೈಲಿ, ಬರುವುದಕ್ಕೆ 60 ಮೈಲಿ. ಮಕ್ಕಳು ಪಿಟೀಲು ಬೇಕು, ಚಾವಟಿ ಬೇಕು ಎಂದು ಬೇಡಿದ್ದರು. ಅಪ್ಪ ಕೋಟಿನೊಳಗೆ ಸುತ್ತಿಕೊಂಡು ತಂದದ್ದು ಒಂದು ಹುಡುಗನನ್ನು. ಚಿಂದಿ ಬಟ್ಟೆ, ಕಪ್ಪು ಕೂದಲು, ಕೊಳಕು ಮೈ. ಬೀದಿಯಲ್ಲಿ ಹಸಿದು ಬಿದ್ದಿದ್ದ, ಯಾರ ಮಗುವೆಂದು ಹೇಳುವವರಿಲ್ಲ. ಅವನು ಬಾಯಿ ತೆರೆದರೆ ಬರುವ ಮಾತು ಆ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಬಣ್ಣದ ಚರ್ಚೆಯಲ್ಲಿ ಎಲ್ಲರೂ ಈ ವಿವರವನ್ನು ಮರೆಯುತ್ತಾರೆ. ಹುಡುಗನಿಗೆ ಒಂದು ಭಾಷೆ ಇತ್ತು. ಯಾವುದು ಎಂದು ಕಾದಂಬರಿ ಹೇಳುವುದಿಲ್ಲ, ಕೆಲವು ದಿನಗಳಲ್ಲಿ ಅದು ಅವನ ಬಾಯಿಂದಲೂ ಹೋಗಿಬಿಡುತ್ತದೆ.

ಮನೆಯೊಡತಿ ಅವನನ್ನು ಜಿಪ್ಸಿ ಎನ್ನುತ್ತಾಳೆ. ಪಕ್ಕದ ದೊಡ್ಡಮನೆಯ ಲಿಂಟನ್ ಸಾಹೇಬ ಲಸ್ಕರನೋ, ಅಮೆರಿಕದವನೋ, ಹಡಗಿನಿಂದ ಉಳಿದುಬಂದ ಸ್ಪೇನಿನವನೋ ಎಂದು ಊಹಿಸುತ್ತಾನೆ. ಲಸ್ಕರರೆಂದರೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ದುಡಿಯುತ್ತಿದ್ದ ಏಷ್ಯಾದ, ಹೆಚ್ಚಾಗಿ ಹಿಂದೂಸ್ತಾನದ ನಾವಿಕರು. ಇನ್ನು ಮನೆಗೆಲಸದ ನೆಲಿ. ತನಗೂ ಲಿಂಟನ್ ಸಾಹೇಬನ ಮಗ ಎಡ್ಗರನ ಹಾಗೆ ತಿಳಿಗೂದಲು, ಬಿಳಿಯ ಮೈ ಇದ್ದಿದ್ದರೆ ಎಂದು ಹುಡುಗ ಹಲುಬಿದಾಗ ಅವಳು ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಸಮಾಧಾನ ಹೇಳುತ್ತಾಳೆ. ನಿನ್ನ ಅಪ್ಪ ಚೀನಾದ ಚಕ್ರವರ್ತಿ, ಅಮ್ಮ ಇಂಡಿಯಾದ ರಾಣಿ ಆಗಿದ್ದರೂ ಆಗಿರಬಹುದಲ್ಲ ಎನ್ನುತ್ತಾಳೆ. ಆದರೆ ಅದೇ ಸಮಾಧಾನದಲ್ಲಿ, ಅವನು ಪೂರಾ ಕರಿಯನಲ್ಲ ಎಂಬ ಧ್ವನಿಯೂ ಇದೆ. ಮುಂದೆ ಅವನ ಮುಖ ಬಿಳಿಚಿಕೊಂಡಿತು ಎಂಬಂಥ ಮಾತುಗಳೂ ಬರುತ್ತವೆ. ಎರಡು ಪಕ್ಷಕ್ಕೂ ಬೇಕಾದ ಸಾಕ್ಷಿ ಪುಸ್ತಕದಲ್ಲೇ ಸಿಗುತ್ತದೆ.

ಲಿವರ್‌ಪೂಲ್ ಅಂದಿಗೆ ಬ್ರಿಟನ್ನಿನ ಗುಲಾಮ ವ್ಯಾಪಾರದ ಅತಿದೊಡ್ಡ ಬಂದರು. ಆ ವ್ಯಾಪಾರ ಕಾನೂನಿನಲ್ಲಿ ನಿಂತದ್ದು 1807ರಲ್ಲಿ. 1771ರಲ್ಲಿ ಆ ಊರಿನ ಬೀದಿಯಲ್ಲಿ ಸಿಕ್ಕ, ದಿಕ್ಕಿಲ್ಲದ, ಕಪ್ಪು ಹುಡುಗ ಎಂದರೆ 1847ರ ಓದುಗನ ಮನಸ್ಸಿಗೆ ಏನು ಹೊಳೆಯುತ್ತಿತ್ತು ಎಂಬುದು ಕಷ್ಟದ ಪ್ರಶ್ನೆಯಲ್ಲ. ಕೆರಿಬಿಯನ್ ಮೂಲದ ಕಾದಂಬರಿಕಾರ ಕ್ಯಾರಿಲ್ ಫಿಲಿಪ್ಸ್ 2015ರಲ್ಲಿ ಬರೆದ ‘ದ ಲಾಸ್ಟ್ ಚೈಲ್ಡ್’ ಹುಟ್ಟಿದ್ದು ಈ ಜಾಗದಿಂದಲೇ. ವಿಮರ್ಶಕ ಟೆರಿ ಈಗಲ್‌ಟನ್ ಬೇರೆ ದಾರಿ ಹಿಡಿದರು. ಕಾದಂಬರಿ ಬರೆಯುವ ಹೊತ್ತಿಗೆ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಂದು, ಹಸಿದ ಜನ ಲಿವರ್‌ಪೂಲಿಗೆ ಬಂದಿಳಿಯುತ್ತಿದ್ದರು. ಎಮಿಲಿಯ ತಂದೆ ಐರ್ಲೆಂಡಿನವರೇ. ಹೀತ್‌ಕ್ಲಿಫ್ ಯಾಕೆ ಐರಿಷ್ ಹುಡುಗನಾಗಿರಬಾರದು ಎಂದು ಅವರು ಕೇಳಿದರು. ನನಗೆ ಈ ವಾದಗಳೆಲ್ಲ ಇಷ್ಟ. ಯಾವುದೂ ಗೆಲ್ಲುವುದಿಲ್ಲ ಎಂಬುದೂ ಇಷ್ಟ. ಎಮಿಲಿ ಬರೆದದ್ದು ಒಂದು ಜನಾಂಗವನ್ನಲ್ಲ. ಮನೆಯ ಒಳಗೆ ಬಂದವನನ್ನು ನೋಡಿ ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಹೊರಗಿನವರ ಹೆಸರು ಹೇಳುತ್ತಾರಲ್ಲ, ಆ ಹೆಸರಿಡುವಿಕೆಯನ್ನು ಅವಳು ಬರೆದಳು. ಅರ್ನ್‌ಶಾನ ಮಗ ಹಿಂಡ್ಲೆ ಅವನನ್ನು ಕೊಟ್ಟಿಗೆಗೆ ತಳ್ಳಿದ್ದು, ಅವನನ್ನು ಮದುವೆಯಾದರೆ ತಾನು ಕೀಳಾಗುತ್ತೇನೆಂದು ಮಗಳು ಕ್ಯಾಥರೀನ್ ಹೇಳಿದ್ದು, ಅದನ್ನು ಮರೆಯಲ್ಲಿ ಕೇಳಿಸಿಕೊಂಡ ಹೀತ್‌ಕ್ಲಿಫ್ ಮನೆ ಬಿಟ್ಟು ಹೋಗಿದ್ದು, ಕಥೆಯ ಈ ದೊಡ್ಡ ತಿರುವುಗಳೆಲ್ಲ ಅದರ ಮೇಲೆಯೇ ನಿಂತಿವೆ.

ಪುಟದ ಮೇಲೆ ಅವನು ಯಾರೆಂಬುದನ್ನು ತೆರೆದಿಡಬಹುದು. ತೆರೆಯ ಮೇಲೆ ಆಗುವುದಿಲ್ಲ. ಕ್ಯಾಮೆರಾದ ಮುಂದೆ ಒಬ್ಬ ಮನುಷ್ಯ ನಿಲ್ಲಲೇಬೇಕು, ಅವನಿಗೆ ಒಂದು ಮೂಗು, ಒಂದು ಮೈಬಣ್ಣ, ಒಂದು ಊರು ಇರಲೇಬೇಕು. ಹಾಗಾಗಿ ಪಾತ್ರಕ್ಕೆ ನಟನನ್ನು ಆಯ್ದುಕೊಳ್ಳುವುದೇ ಆ ಕೃತಿಯ ಮೊದಲನೆಯ ವಿಮರ್ಶೆ. ಅದನ್ನು ಮಾಡುವವರು ವಿಮರ್ಶಕರಲ್ಲ, ಹಣ ಹಾಕುವವರು.

1939ರ ಹಾಲಿವುಡ್‌ಗೆ ಬರೋಣ. ನಿರ್ಮಾಪಕ ಸ್ಯಾಮುಯೆಲ್ ಗೋಲ್ಡ್‌ವಿನ್, ನಿರ್ದೇಶಕ ವಿಲಿಯಂ ವೈಲರ್. ಕಾದಂಬರಿಯ ಮೊದಲರ್ಧವನ್ನಷ್ಟೇ ಇಟ್ಟುಕೊಂಡು ಮುಂದಿನ ತಲೆಮಾರಿನ ಕಥೆಯನ್ನು ಕತ್ತರಿಸಿದ ಚಿತ್ರ ಅದು. ಹೀತ್‌ಕ್ಲಿಫ್ ಆಗಿ ಲಾರೆನ್ಸ್ ಒಲಿವಿಯರ್. ಕೂದಲು ಕೆದರಿದೆ, ಕಣ್ಣು ಉರಿಯುತ್ತದೆ, ಮೈ ಮಾತ್ರ ಅಪ್ಪಟ ಇಂಗ್ಲಿಷರದ್ದು. ಕ್ಯಾಥರೀನ್ ಪಾತ್ರಕ್ಕೆ ತನ್ನ ಪ್ರೇಯಸಿ ವಿವಿಯನ್ ಲೀ ಬೇಕೆಂದು ಒಲಿವಿಯರ್ ಹಟ ಮಾಡಿದ್ದರು. ಪಾತ್ರ ಹೋದದ್ದು ಮರ್ಲ್ ಒಬೆರಾನ್‌ಗೆ. ವಿವಿಯನ್ ಲೀ ಹುಟ್ಟಿದ್ದು ಡಾರ್ಜಿಲಿಂಗಿನಲ್ಲಿ, 1913ರಲ್ಲಿ. ಮರ್ಲ್ ಒಬೆರಾನ್ ಹುಟ್ಟಿದ್ದು ಮುಂಬಯಿಯಲ್ಲಿ, 1911ರಲ್ಲಿ. ಕಾದಂಬರಿ ನಡೆಯುವ ಯಾರ್ಕ್‌ಶೈರಿನ ಬಯಲಿನ ಹುಡುಗಿಯಾಗಲು ಪೈಪೋಟಿಗಿದ್ದ ಇಬ್ಬರೂ ಇಂಡಿಯಾದಲ್ಲಿ ಹುಟ್ಟಿದವರು. ಇಬ್ಬರ ನಡುವೆ ಒಂದು ವ್ಯತ್ಯಾಸವಿತ್ತು. ವಿವಿಯನ್ ಲೀ ಅದನ್ನು ಹೇಳಿಕೊಳ್ಳಬಹುದಿತ್ತು. ಮರ್ಲ್ ಹೇಳುವಂತಿರಲಿಲ್ಲ.

ಮರ್ಲ್ ಅವರ ಹುಟ್ಟುಹೆಸರು ಎಸ್ಟೆಲ್ ಮರ್ಲ್ ಓಬ್ರಿಯನ್ ಥಾಂಪ್ಸನ್. ತಾಯಿಯ ಕಡೆಯಿಂದ ಸಿಂಹಳೀ ರಕ್ತ ಬೆರೆತ ಆಂಗ್ಲೋ ಇಂಡಿಯನ್ ಹುಡುಗಿ, ಬೆಳೆದದ್ದು ಮುಂಬಯಿ, ಕಲ್ಕತ್ತಗಳಲ್ಲಿ. 1920ರ ದಶಕದ ಕೊನೆಗೆ ಇಂಗ್ಲೆಂಡ್ ಸೇರಿ, ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾರ ಕಣ್ಣಿಗೆ ಬಿದ್ದರು. ಪ್ರಚಾರದವರು ಒಂದು ಹೊಸ ಹುಟ್ಟೂರು ಹುಡುಕಿಕೊಟ್ಟರು. ಆಸ್ಟ್ರೇಲಿಯಾದ ಟಾಸ್ಮೇನಿಯಾ. ಹೋಗಿ ವಿಚಾರಿಸುವವರಿಲ್ಲದಷ್ಟು ದೂರ, ಬ್ರಿಟಿಷರದ್ದು, ಬಿಳಿಯರದ್ದು. ದಾಖಲೆ ಕೇಳಿದರೆ ಬೆಂಕಿಯಲ್ಲಿ ಸುಟ್ಟುಹೋಯಿತು ಎನ್ನುವುದು. ಜೊತೆಯಲ್ಲಿದ್ದ ಕಂದು ಮೈಯ ಹಿರಿಯ ಹೆಂಗಸು, ಅವರನ್ನು ಸಾಕಿದವಳು, ಬಂದವರೆದುರು ಮನೆಯ ಕೆಲಸದಾಕೆ ಎನಿಸಿಕೊಳ್ಳುತ್ತಿದ್ದಳೆಂದು ಜೀವನಚರಿತ್ರೆಗಳು ಹೇಳುತ್ತವೆ. 1935ರ ‘ದ ಡಾರ್ಕ್ ಏಂಜೆಲ್’ ಚಿತ್ರಕ್ಕೆ ಅವರ ಹೆಸರು ಆಸ್ಕರ್‌ನ ಶ್ರೇಷ್ಠ ನಟಿ ಪಟ್ಟಿಗೆ ಸೇರಿತು. ಏಷ್ಯಾ ಮೂಲದ ನಟಿಯೊಬ್ಬಳ ಹೆಸರು ಆ ಪಟ್ಟಿಯಲ್ಲಿ ಬಂದದ್ದು ಅದೇ ಮೊದಲು, ಆದರೆ ಅದು ಆಯ್ಕೆ ಮಾಡಿದವರಿಗೆ ಗೊತ್ತಿರಲಿಲ್ಲ. 1979ರಲ್ಲಿ ಅವರು ತೀರಿಕೊಂಡ ಮೇಲೆ, 1983ರಲ್ಲಿ ಬಂದ ಜೀವನಚರಿತ್ರೆಯಿಂದ ಜಗತ್ತಿಗೆ ವಿಷಯ ತಿಳಿಯಿತು. 2023ರಲ್ಲಿ ಮಿಶೆಲ್ ಯೋ ಅದೇ ಪ್ರಶಸ್ತಿಗೆ ಸ್ಪರ್ಧಿಸಿದಾಗ, ಇವರನ್ನು ‘ಮೊದಲ ಏಷ್ಯನ್’ ಎನ್ನಬಹುದೋ, ಬಾರದೋ ಎಂದು ಪತ್ರಿಕೆಗಳಿಗೆ ಪೇಚಾಟವಾಯಿತು. ಕೆಲವರು ‘ತನ್ನನ್ನು ಏಷ್ಯನ್ ಎಂದು ಗುರುತಿಸಿಕೊಂಡ ಮೊದಲ ನಟಿ’ ಎಂದು ಬರೆದು ಪಾರಾದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆಕೆ ಸುಳ್ಳು ಹೇಳಿದರು ಎಂದು ತೀರ್ಪು ಕೊಡುವ ಮೊದಲು ಅಂದಿನ ಕಾನೂನು ನೋಡಿ. 1917ರ ಅಮೆರಿಕದ ವಲಸೆ ಕಾಯ್ದೆ ಇಂಡಿಯಾವೂ ಸೇರಿದಂತೆ ಏಷ್ಯಾದ ಬಹುಭಾಗದಿಂದ ಜನ ಬರುವುದನ್ನೇ ತಡೆದಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ, ಇಂಡಿಯಾದವರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಬಾಗಿಲು ಸ್ವಲ್ಪ ತೆರೆದದ್ದು 1946ರಲ್ಲಿ. ಇದು ಗಡಿಯ ಮಾತಾಯಿತು. ಸ್ಟುಡಿಯೋ ಒಳಗೆ ಬಂದರೆ ಅಲ್ಲಿ ಹೇಸ್ ಸಂಹಿತೆ ಕಾದಿತ್ತು. 1930ರಲ್ಲಿ ಬರೆದು 1934ರಿಂದ ಬಿಗಿಯಾಗಿ ಜಾರಿಗೆ ತಂದ ಈ ನಿಯಮಾವಳಿ, ಬಿಳಿಯರ ಮತ್ತು ಕರಿಯರ ನಡುವಿನ ದೇಹಸಂಬಂಧವನ್ನು ತೆರೆಯ ಮೇಲೆ ತೋರಿಸಕೂಡದು ಎಂದಿತ್ತು. ಬರೆದದ್ದು ಕರಿಯರ ಬಗ್ಗೆ, ಸ್ಟುಡಿಯೋಗಳು ಏಷ್ಯಾದವರಿಗೂ ಅದನ್ನೇ ಹಿಗ್ಗಿಸಿದವು. ಆ ಮಾತನ್ನು ತೆಗೆದುಹಾಕಿದ್ದು 1956ರಲ್ಲಿ.

ಈ ನಿಯಮದ ಕೈವಾಡ ಕಾಣಬೇಕಾದರೆ ಪರ್ಲ್ ಬಕ್‌ರ ‘ದ ಗುಡ್ ಅರ್ತ್’ ಸಾಕು. ಚೀನಾದ ರೈತ ದಂಪತಿಯ ಕಥೆ. 1937ರ ಚಿತ್ರದಲ್ಲಿ ಗಂಡನ ಪಾತ್ರ ಬಿಳಿಯ ನಟ ಪಾಲ್ ಮ್ಯೂನಿಗೆ ಹೋಯಿತು. ಅಂದ ಮೇಲೆ ಹೆಂಡತಿಯೂ ಬಿಳಿಯಳೇ ಆಗಬೇಕು. ಅಂದಿನ ಹಾಲಿವುಡ್ಡಿನ ಹೆಸರುವಾಸಿ ಚೀನೀ ಮೂಲದ ನಟಿ, ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ ಆನಾ ಮೇ ವಾಂಗ್ ಆ ಪಾತ್ರಕ್ಕಾಗಿ ಕಾದಿದ್ದರು, ಸಿಗಲಿಲ್ಲ. ಅದನ್ನು ಮಾಡಿದ ಲೂಯಿಸ್ ರೈನರ್‌ಗೆ ಆಸ್ಕರ್ ಬಂತು. ಇದೇ ಲೆಕ್ಕವನ್ನು ಹೀತ್‌ಕ್ಲಿಫ್‌ಗೂ ಹಾಕಿ. ಅವನು ಲಸ್ಕರನೆಂದು ಒಪ್ಪಿಕೊಂಡ ಕ್ಷಣಕ್ಕೆ ಆ ಪ್ರೇಮಕಥೆ 1939ರಲ್ಲಿ ಚಿತ್ರವಾಗುವಂತಿರಲಿಲ್ಲ. ಕ್ಯಾಥರೀನ್ ಆಗಿದ್ದವಳು ಮುಂಬಯಿಯವಳೆಂದು ಗೊತ್ತಾಗಿದ್ದರೂ ಆಗುವಂತಿರಲಿಲ್ಲ.

ಆ ಚಿತ್ರದ ಒಂದು ದೃಶ್ಯವನ್ನು ನಾನು ತರಗತಿಯಲ್ಲಿ ತೋರಿಸುತ್ತ ಬಂದಿದ್ದೇನೆ. ಕ್ಯಾಥಿ, ಹೀತ್‌ಕ್ಲಿಫ್ ಇನ್ನೂ ಚಿಕ್ಕವರು. ಏಟು ತಿಂದು ಮುಖ ಗಂಟು ಹಾಕಿಕೊಂಡ ಹುಡುಗನಿಗೆ ಕ್ಯಾಥಿ ಧೈರ್ಯ ಹೇಳುತ್ತಾಳೆ. ನೀನು ಮಾರುವೇಷದ ರಾಜಕುಮಾರ, ನಿನ್ನಪ್ಪ ಚೀನಾದ ಚಕ್ರವರ್ತಿ, ನಿನ್ನಮ್ಮ ಇಂಡಿಯಾದ ರಾಣಿ, ದುಷ್ಟ ನಾವಿಕರು ನಿನ್ನನ್ನು ಕದ್ದು ತಂದರು ಎಂದು. ಕಾದಂಬರಿಯಲ್ಲಿ ನೆಲಿಯ ಬಾಯಲ್ಲಿದ್ದ ಮಾತನ್ನು ಚಿತ್ರಕಥೆಗಾರರು ಕ್ಯಾಥಿಯ ಬಾಯಿಗೆ ಹಾಕಿದ್ದಾರೆ. ಎದುರಿಗಿರುವ ಹುಡುಗನೂ ಬಿಳಿಯನೇ ಆದ್ದರಿಂದ ಆ ಮಾತು ಅಲ್ಲಿ ಬರೀ ಮಕ್ಕಳಾಟ. ಸ್ವಲ್ಪ ಹೊತ್ತಿಗೆ ಹುಡುಗಿ ದೊಡ್ಡವಳಾಗಿ ತೆರೆಯ ಮೇಲೆ ಬರುತ್ತಾಳೆ, ಮರ್ಲ್ ಒಬೆರಾನ್. ಇಂಡಿಯಾದ ತಾಯಿಯ ಕಥೆ ಕಟ್ಟಿ ಹೇಳಿದ ಪಾತ್ರದೊಳಗೆ, ಇಂಡಿಯಾದ ತಾಯಿಯನ್ನು ಮುಚ್ಚಿಟ್ಟ ನಟಿ. ಮೊದಲ ಸಲ ತೋರಿಸುವಾಗ ವಿದ್ಯಾರ್ಥಿಗಳಿಗೆ ಏನನ್ನೂ ಹೇಳುವುದಿಲ್ಲ. ಹೇಳಿ ಎರಡನೆಯ ಸಲ ತೋರಿಸಿದರೆ ಒಬ್ಬರೂ ಹೀತ್‌ಕ್ಲಿಫ್‌ನನ್ನು ನೋಡುವುದಿಲ್ಲ, ಎಲ್ಲರ ಕಣ್ಣೂ ಅವಳ ಮುಖದ ಮೇಲೆ. ಮೂಗು, ಹುಬ್ಬು, ಕಣ್ಣಿನ ಓರೆ, ಎಲ್ಲವನ್ನೂ ಪರೀಕ್ಷೆ ಮಾಡುತ್ತಾರೆ. ಲಿಂಟನ್ ಮನೆಯವರು ಹೀತ್‌ಕ್ಲಿಫ್‌ಗೆ ಮಾಡಿದ್ದನ್ನೇ ನಾವು ಆಕೆಗೆ ಮಾಡುತ್ತಿರುತ್ತೇವೆ.

ಅದೇ ಒಲಿವಿಯರ್ 1965ರ ಚಿತ್ರದಲ್ಲಿ ಮೈಗೆಲ್ಲ ಕಪ್ಪು ಬಳಿದುಕೊಂಡು ಒಥೆಲೋ ಆದರು, ನಡಿಗೆ, ಧ್ವನಿಯನ್ನೂ ಬದಲಿಸಿಕೊಂಡರು, ಆಸ್ಕರ್ ಪಟ್ಟಿಗೂ ಸೇರಿದರು. ಕರಿಯ ನಟ ಪಾಲ್ ರಾಬ್ಸನ್ 1943ರಲ್ಲೇ ಬ್ರಾಡ್‌ವೇಯಲ್ಲಿ ಒಥೆಲೋ ಆಗಿ ಮೆರೆದಿದ್ದರು, ಅವರ ಒಥೆಲೋ ಸಿನಿಮಾ ಆಗಲಿಲ್ಲ. ದೊಡ್ಡ ಸ್ಟುಡಿಯೋ ಒಂದರ ಚಿತ್ರದಲ್ಲಿ ಕರಿಯ ನಟನೊಬ್ಬ, ಲಾರೆನ್ಸ್ ಫಿಶ್‌ಬರ್ನ್, ಆ ಪಾತ್ರ ಮಾಡುವುದಕ್ಕೆ 1995 ಆಗಬೇಕಾಯಿತು. ಕಪ್ಪು ಅನುಮಾನವಾಗಿದ್ದಲ್ಲಿ ಬಿಳಿಯಾಗಿಯೇ, ಕಪ್ಪು ಖಚಿತವಾಗಿದ್ದಲ್ಲಿ ಬಳಿದುಕೊಂಡು, ಎರಡು ದಾರಿಯಲ್ಲೂ ಪಾತ್ರ ಒಬ್ಬರಿಗೇ ಹೋಯಿತು. ಹಾಗೆಂದು 2021ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಆ ಒಥೆಲೋವನ್ನು ತರಗತಿಯಲ್ಲಿ ತೋರಿಸಿದ ಪ್ರಾಧ್ಯಾಪಕರು ಆ ಪಾಠದಿಂದಲೇ ಹಿಂದೆ ಸರಿಯಬೇಕಾಗಿ ಬಂದದ್ದು ನನಗೆ ಸರಿಕಾಣಲಿಲ್ಲ. ತೋರಿಸದಿದ್ದರೆ ವಿದ್ಯಾರ್ಥಿಗಳಿಗೆ ಗೊತ್ತಾಗುವುದಾದರೂ ಹೇಗೆ?

2011ರಲ್ಲಿ ಆಂಡ್ರಿಯಾ ಆರ್ನಲ್ಡ್ ‘ವದರಿಂಗ್ ಹೈಟ್ಸ್’ ಮಾಡಿದಾಗ ಮೊದಲ ಬಾರಿಗೆ ಇಂಗ್ಲಿಷ್ ತೆರೆಯ ಮೇಲೆ ಕರಿಯ ಹೀತ್‌ಕ್ಲಿಫ್ ಬಂದ. ಚಿಕ್ಕವನಾಗಿ ಸಾಲಮನ್ ಗ್ಲೇವ್, ದೊಡ್ಡವನಾಗಿ ಜೇಮ್ಸ್ ಹೌಸನ್, ಹೆಸರಿಲ್ಲದ ಹೊಸಬರು. ಆರ್ನಲ್ಡ್ ಆ ಪಾತ್ರಕ್ಕೆ ಮೊದಲು ಹುಡುಕಿದ್ದು ರೋಮಾನಿ ಜಿಪ್ಸಿ ಹುಡುಗರನ್ನು. ಚಿತ್ರದಲ್ಲಿ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಗಾಳಿ, ಕೆಸರು, ನಾಯಿ. ಕುದುರೆಯ ಮೇಲೆ ಹುಡುಗಿಯ ಹಿಂದೆ ಕೂತ ಹುಡುಗನ ಮೂಗಿಗೆ ಅವಳ ಕೂದಲು ತಾಗುತ್ತದೆ, ಕ್ಯಾಮೆರಾ ಅಲ್ಲಿಯೇ ಇರುತ್ತದೆ. ಚಾವಟಿಯ ಬಾಸುಂಡೆ ಎದ್ದ ಅವನ ಬೆನ್ನಿಗೆ ಕ್ಯಾಥಿ ನಾಲಿಗೆ ಹಚ್ಚುತ್ತಾಳೆ. ಕಪ್ಪು ಬೆನ್ನು, ಚಾವಟಿ ಎಂದರೆ ಗುಲಾಮಗಿರಿಯ ಇತಿಹಾಸವೆಲ್ಲ ಆ ಒಂದು ಶಾಟಿನೊಳಗೆ ಬಂದು ನಿಲ್ಲುತ್ತದೆ. ಯಾರೂ ವಿವರಿಸಬೇಕಾಗಿಲ್ಲ. ಕಾದಂಬರಿಯಲ್ಲಿ ಲಿವರ್‌ಪೂಲ್ ಎಂಬ ಒಂದು ಊರಿನ ಹೆಸರು ಮಾಡುವ ಕೆಲಸವನ್ನು ಇಲ್ಲಿ ನಟನ ಮೈ ಮಾಡಿತು. ಕಳೆದುಕೊಂಡದ್ದೂ ಇದೆ. ಹೀತ್‌ಕ್ಲಿಫ್ ಯಾರು ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ, ನೋಡಿದರೆ ಗೊತ್ತಾಗುತ್ತದೆ. ದೊಡ್ಡವನಾದ ಮೇಲಿನ ಭಾಗ ಸಪ್ಪೆ ಎಂಬ ದೂರನ್ನೂ ನಾನು ಒಪ್ಪುತ್ತೇನೆ. ಆದರೂ ನಾನು ನೋಡಿದ ರೂಪಾಂತರಗಳಲ್ಲಿ ಕಾದಂಬರಿಯ ಸಿಟ್ಟು ಉಳಿದಿರುವುದು ಇದೊಂದರಲ್ಲೇ.

ಈಗ ಎದುರು ಪಕ್ಷದವರ ಪ್ರಶ್ನೆ. ಡಿಕನ್ಸ್‌ನ ಡೇವಿಡ್ ಕಾಪರ್‌ಫೀಲ್ಡ್ ಆಗಿ 2019ರಲ್ಲಿ ದೇವ್ ಪಟೇಲ್ ಬಂದರೆ, 2023ರಲ್ಲಿ ಮತ್ಸ್ಯಕನ್ಯೆಯಾಗಿ ಕರಿಯ ಹುಡುಗಿ ಹ್ಯಾಲಿ ಬೇಲಿ ಬಂದರೆ ಚಪ್ಪಾಳೆ, ಹೀತ್‌ಕ್ಲಿಫ್ ಆಗಿ ಬಿಳಿಯ ಬಂದರೆ ಮಾತ್ರ ಕೂಗು. ಇದೆಂಥ ನ್ಯಾಯ? ಪ್ರಶ್ನೆ ಕೇಳುವುದಕ್ಕೆ ಚೆನ್ನಾಗಿದೆ, ತಕ್ಕಡಿ ಸಮವಾಗಿರುವ ಊರಿನಲ್ಲಿ ಕೇಳಬೇಕಾದ ಪ್ರಶ್ನೆ. ಒಂದು ಕಡೆಯವರಿಗೆ ಎಲ್ಲ ಪಾತ್ರಗಳೂ ಸಿಗುತ್ತ ಬಂದಿವೆ, ಇನ್ನೊಂದು ಕಡೆಯವರಿಗೆ ತಮ್ಮ ಪಾತ್ರವೂ ಸಿಕ್ಕಿಲ್ಲ. ಅದು ಹಾಗಿರಲಿ, ಕಥೆಯೊಳಗಿನ ಲೆಕ್ಕವೇ ಬೇರೆ. ಡೇವಿಡ್ ಕಾಪರ್‌ಫೀಲ್ಡ್ ಬಿಳಿಯನೆಂಬ ಕಾರಣಕ್ಕೆ ಕಥೆಯಲ್ಲಿ ಏನೂ ನಡೆಯುವುದಿಲ್ಲ. ಅವನ ಬಡತನ, ಅವನ ಮಲತಂದೆ, ಬಾಟಲಿಗಳಿಗೆ ಚೀಟಿ ಅಂಟಿಸುವ ಅವನ ಕೆಲಸ, ಇವು ಸಾಕು. ಹೀತ್‌ಕ್ಲಿಫ್‌ನನ್ನು ಹಾಗೆ ಬದಲಿಸಲಾಗದು. ಅವನಿಂದ ಹೊರಗಿನವನೆಂಬ ಗುರುತನ್ನು ತೆಗೆದರೆ ಉಳಿಯುವುದು ಸಿಡುಕಿನ ಒಬ್ಬ ಸುಂದರಾಂಗ. ಸಿನಿಮಾಕ್ಕೆ ಅಷ್ಟು ಸಾಕಾಗುತ್ತದೆ ಎನ್ನುವುದೇ ತೊಂದರೆ.

ಓದುಗರ ಕಣ್ಣನ್ನೂ ಪೂರ್ತಿ ನಂಬುವಂತಿಲ್ಲ. ಸುಝನ್ ಕಾಲಿನ್ಸ್‌ರ ‘ದ ಹಂಗರ್ ಗೇಮ್ಸ್’ ಕಾದಂಬರಿಯಲ್ಲಿ ರೂ ಎಂಬ ಪುಟ್ಟ ಹುಡುಗಿಯ ಮೈ ಕಡುಕಂದು ಎಂದು ಸ್ಪಷ್ಟವಾಗಿ ಬರೆದಿದೆ. 2012ರ ಚಿತ್ರದಲ್ಲಿ ಆಮಂಡ್ಲಾ ಸ್ಟೆನ್‌ಬರ್ಗ್ ಆ ಪಾತ್ರ ಮಾಡಿದಾಗ, ಪುಸ್ತಕವನ್ನು ಪ್ರೀತಿಯಿಂದ ಓದಿದ್ದ ಎಷ್ಟೋ ಹುಡುಗ ಹುಡುಗಿಯರು ನಮ್ಮ ರೂ ಕರಿಯಳಲ್ಲ ಎಂದು ಸಿಡಿಮಿಡಿಗೊಂಡರು. ಕಣ್ಣು ಅಕ್ಷರದ ಮೇಲೆ ಹೋಗಿತ್ತು, ಮನಸ್ಸು ಆ ಮಗುವಿಗೆ ಬೇರೆ ಮುಖ ಕೊಟ್ಟಿತ್ತು.

ಈ ಚರ್ಚೆಯಲ್ಲಿ ನನಗೆ ಅತಿ ಗಟ್ಟಿಯೆನಿಸಿದ ದನಿ ಅಮೆರಿಕದ ನಾಟಕಕಾರ ಆಗಸ್ಟ್ ವಿಲ್ಸನ್‌ರದ್ದು. ಬಣ್ಣ ನೋಡದೆ ಪಾತ್ರ ಹಂಚುವುದನ್ನು ಉದಾರಿಗಳೆಲ್ಲ ಹೊಗಳುತ್ತಿದ್ದ ಕಾಲದಲ್ಲಿ, 1996ರಲ್ಲಿ, ಅವರು ರಂಗಕರ್ಮಿಗಳ ಸಮ್ಮೇಳನದಲ್ಲಿ ಎದ್ದುನಿಂತು ಅದು ಬೇಡ ಎಂದರು. ಬಿಳಿಯರ ನಾಟಕದಲ್ಲಿ ಕರಿಯರಿಗೆ ಒಂದು ಕುರ್ಚಿ ಕೊಡುವುದು ಸಾಲದು, ಕರಿಯರ ನಾಟಕಕ್ಕೆ ರಂಗಮಂದಿರ ಕೊಡಿ ಎನ್ನುವುದು ಅವರ ವಾದದ ಸಾರ. ಮರುವರ್ಷ ನ್ಯೂಯಾರ್ಕಿನಲ್ಲಿ ವಿಮರ್ಶಕ ರಾಬರ್ಟ್ ಬ್ರೂಸ್ಟೀನ್ ಜೊತೆ ಸಾರ್ವಜನಿಕವಾಗಿ ವಾದಕ್ಕೂ ಕೂತರು. ತಮ್ಮ ‘ಫೆನ್ಸಸ್’ ನಾಟಕ ಸಿನಿಮಾ ಆಗುವುದಾದರೆ ನಿರ್ದೇಶಕ ಕರಿಯನೇ ಆಗಬೇಕು ಎಂದು ಹಟ ಹಿಡಿದು, ಅದು ಆಗದೆಯೇ 2005ರಲ್ಲಿ ತೀರಿಕೊಂಡರು. 2016ರಲ್ಲಿ ಡೆಂಜಲ್ ವಾಷಿಂಗ್ಟನ್ ಅದನ್ನು ಮಾಡಿದರು. ಆ ಚಿತ್ರ ನೋಡಿದವರಿಗೆ ವಿಲ್ಸನ್ ಯಾಕೆ ಅಷ್ಟು ಹಟ ಮಾಡಿದರೆಂದು ಗೊತ್ತಾಗುತ್ತದೆ.

ಹಾಗಾದರೆ ಫೆನೆಲ್‌ರ ಚಿತ್ರ? ಅದು 2026ರ ಫೆಬ್ರವರಿಯಲ್ಲಿ ಬಂತು. ಎಲೋರ್ಡಿಯ ತಂದೆ ಸ್ಪೇನಿನ ಬಾಸ್ಕ್ ನಾಡಿನವರು, ಲಿಂಟನ್ ಸಾಹೇಬನ ಊಹೆಯಲ್ಲಿ ಸ್ಪೇನೂ ಇತ್ತಲ್ಲ ಎಂದು ಸಮರ್ಥಿಸಿದವರುಂಟು. ಬೆಣ್ಣೆಯಲ್ಲಿ ಕೂದಲು ತೆಗೆಯುವ ಜಾಣತನ. ಫೆನೆಲ್ ಅವರೇ ಹೇಳಿದ ಕಾರಣ ಅದಕ್ಕಿಂತ ಸರಳ, ಅದಕ್ಕಿಂತ ಸ್ವಾರಸ್ಯದ್ದು. ತಾನು ಮೊದಲು ಓದಿದ ಪ್ರತಿಯ ಮೇಲಿದ್ದ ಹೀತ್‌ಕ್ಲಿಫ್‌ನ ಚಿತ್ರದ ಹಾಗೆಯೇ ಎಲೋರ್ಡಿ ಕಂಡರು ಎಂದರು ಅವರು. ನನಗೆ ಆ ಚಿತ್ರಕಾರನ ಬಗ್ಗೆ ಕುತೂಹಲ. ಅವನ ಕುಂಚಕ್ಕೆ ಆ ಮುಖ ಎಲ್ಲಿಂದ ಬಂದಿರಬಹುದು? ಒಲಿವಿಯರ್‌ನಿಂದ ಎಂದು ನನ್ನ ಊಹೆ. ಹೌದಾದರೆ, ಹೇಸ್ ಸಂಹಿತೆಯ ಕಾಲದಲ್ಲಿ ಆಯ್ದ ಮುಖ, ಸಂಹಿತೆಯಿಂದ ಬಣ್ಣದ ಆ ನಿಷೇಧ ತೆಗೆದು 70 ವರ್ಷವಾದ ಮೇಲೂ ಹಕ್ಕು ಚಲಾಯಿಸುತ್ತಿದೆ. ಇನ್ನೊಂದು ಸಂಗತಿ ನೋಡಿ. ಕಾದಂಬರಿಯಲ್ಲಿ ಹೀತ್‌ಕ್ಲಿಫ್ ಯಾರ ಬಿಳಿ ಮೈಯನ್ನು ಕಂಡು ಕರುಬುತ್ತಾನೋ ಆ ಎಡ್ಗರ್ ಲಿಂಟನ್ ಪಾತ್ರವನ್ನು ಈ ಚಿತ್ರದಲ್ಲಿ ಮಾಡಿದವರು ಪಾಕಿಸ್ತಾನಿ ಮೂಲದ ಶಜಾದ್ ಲತೀಫ್. ನೆಲಿಯಾಗಿ ವಿಯೆಟ್ನಾಂ ಮೂಲದ ಹಾಂಗ್ ಚಾವ್. 1939ರಲ್ಲಿ ಮುಂಬಯಿಯ ಹುಡುಗಿ ಕ್ಯಾಥರೀನ್ ಆದಳು, 2026ರಲ್ಲಿ ಪಾಕಿಸ್ತಾನಿ ಮೂಲದವನು ಎಡ್ಗರ್ ಆದ. ಈಗ ಯಾರೂ ಏನನ್ನೂ ಮುಚ್ಚಿಡಬೇಕಾಗಿಲ್ಲ, ಅಷ್ಟರಮಟ್ಟಿಗೆ ಕಾಲ ಮುಂದೆ ಬಂದಿದೆ. ಆದರೆ ಎರಡು ಸಲವೂ ಕಂದು ಬಣ್ಣ ಚಿತ್ರದೊಳಗೆ ಬಂದು, ಅದು ಬೇಕಿದ್ದ ಒಂದು ಜಾಗದಲ್ಲಿ ಮಾತ್ರ ಕೂರಲಿಲ್ಲ.

ನಮ್ಮ ಕಡೆಗೆ ತಿರುಗೋಣ. ರಂಗನಿರ್ದೇಶಕ ಪೀಟರ್ ಬ್ರೂಕ್ 1985ರಲ್ಲಿ ಫ್ರಾನ್ಸಿನ ಅವಿನ್ಯೋನ್ ಬಳಿಯ ಕಲ್ಲುಕ್ವಾರಿಯಲ್ಲಿ ಒಂಬತ್ತು ಗಂಟೆಯ ಮಹಾಭಾರತ ಆಡಿಸಿದರು, 1989ರಲ್ಲಿ ಸಿನಿಮಾವನ್ನೂ ಮಾಡಿದರು. ಸೆನೆಗಲ್‌ನ ಮಮಾದು ದಿಯೂಮ್ ಭೀಮ, ಆಫ್ರಿಕದವರೇ ಆದ ಸೋತಿಗಿ ಕುಯಾತೆ ಭೀಷ್ಮ, ಜಪಾನಿನ ಯೋಶಿ ಓಯಿದಾ ದ್ರೋಣ, ದ್ರೌಪದಿ ನಮ್ಮ ಮಲ್ಲಿಕಾ ಸಾರಾಭಾಯಿ. ಇಲ್ಲಿ ಟೀಕೆ ಬಂತು. ಗಟ್ಟಿಯಾಗಿ ಟೀಕಿಸಿದ ರಂಗವಿಮರ್ಶಕ ರುಸ್ತುಂ ಭರೂಚಾ ಅವರ ತಕರಾರು ಭೀಮನ ಬಣ್ಣದ ಬಗ್ಗೆ ಅಲ್ಲ, ಕಥೆಯನ್ನು ಅದರ ನೆಲದಿಂದ, ಅದರ ನಂಬಿಕೆಗಳಿಂದ ಬಿಡಿಸಿಕೊಂಡು ಹೋದದ್ದರ ಬಗ್ಗೆ. ಆ ಭೀಮನನ್ನು ನೋಡಿ ಇವನು ಭೀಮನಲ್ಲ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಆಳು ಅಷ್ಟೆತ್ತರ, ನಗು ಅಷ್ಟಗಲ.

ನಮ್ಮವರು ಇಂಗ್ಲಿಷ್ ಕೃತಿಗಳನ್ನು ತಂದಾಗ ಬಣ್ಣದ ಜಾಗದಲ್ಲಿ ಜಾತಿಯನ್ನು ಇಟ್ಟಿದ್ದಾರೆ. 1997ರ ಮಲಯಾಳಂ ‘ಕಳಿಯಾಟ್ಟಂ’ನಲ್ಲಿ ಜಯರಾಜ್ ಒಥೆಲೋವನ್ನು ತೆಯ್ಯಂ ಕಟ್ಟುವವನನ್ನಾಗಿ ಮಾಡಿದರು, 2006ರ ‘ಓಂಕಾರಾ’ದಲ್ಲಿ ವಿಶಾಲ್ ಭಾರದ್ವಾಜ್ ಅವನನ್ನು ಬೆರಕೆ ಹುಟ್ಟಿನವನನ್ನಾಗಿ ಮಾಡಿದರು. ಎರಡೂ ಕಡೆ ಕಥೆಯ ಬಿಗಿ ಸಡಿಲವಾಗಲಿಲ್ಲ. ಹೀತ್‌ಕ್ಲಿಫ್‌ಗೆ ಆ ಭಾಗ್ಯ ಬರಲಿಲ್ಲ. 1966ರ ‘ದಿಲ್ ದಿಯಾ ದರ್ದ್ ಲಿಯಾ’ದಲ್ಲಿ ದಿಲೀಪ್ ಕುಮಾರ್ ಮಾಡಿದ ಅನಾಥ ಕೊನೆಗೆ ದೊಡ್ಡ ಮನೆತನದ ವಾರಸುದಾರನೇ ಆಗಿಬಿಡುತ್ತಾನೆ. ಕನ್ನಡಿಯ ಮುಂದೆ ನೆಲಿ ಕಟ್ಟಿದ ಸುಳ್ಳನ್ನು ಹಿಂದಿಯವರು ನಿಜ ಮಾಡಿಕೊಟ್ಟರು! ಹುಟ್ಟು ಗೊತ್ತಿಲ್ಲದವನನ್ನು ನಾಯಕನನ್ನಾಗಿ ಕೊನೆಯವರೆಗೂ ಸಹಿಸುವುದು ನಮ್ಮ ಜನಪ್ರಿಯ ಸಿನಿಮಾಕ್ಕೆ ಸುಲಭವಲ್ಲ. ಬಣ್ಣದ ವಿಷಯದಲ್ಲಂತೂ ನಾವು ಹಾಲಿವುಡ್‌ಗೆ ಪಾಠ ಹೇಳುವ ಸ್ಥಿತಿಯಲ್ಲಿಲ್ಲ. 2019ರ ‘ಬಾಲಾ’ ಚಿತ್ರದಲ್ಲಿ ಕಪ್ಪು ಹುಡುಗಿಯ ನೋವನ್ನು ಹೇಳಲು ಬಿಳಿ ಮೈಯ ನಟಿಗೆ ಕಪ್ಪು ಹಚ್ಚಿದರು.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ರಂಗಭೂಮಿಯಿಂದ ಯಾವತ್ತೋ ಬಂದಿದೆ. ಯಲ್ಲಾಪುರ ತಾಲೂಕಿನ ಮಂಚೀಕೇರಿಯಲ್ಲಿ 1980ರ ದಶಕದಲ್ಲಿ ಸಿದ್ದಿ ಸಮುದಾಯದವರು ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ಹೆಸರಿನಲ್ಲಿ ಆಡಿದರು. ನಿರ್ದೇಶನ ಚಿದಂಬರರಾವ್ ಜಂಬೆಯವರದ್ದು. ಶತಮಾನಗಳ ಹಿಂದೆ ಹಡಗಿನಲ್ಲಿ ಬಂದಿಳಿದ ಆಫ್ರಿಕದವರ ಮೊಮ್ಮಕ್ಕಳು, ಆಫ್ರಿಕದ ಒಂದು ಊರು ಬಿಳಿಯರ ಕೈಯಲ್ಲಿ ಒಡೆಯುವ ಕಥೆಯನ್ನು ಕನ್ನಡದಲ್ಲಿ ಆಡಿದ್ದು. ಬಣ್ಣ ಹೊಂದಿತು ಎಂಬುದಕ್ಕೆ ಅದು ದೊಡ್ಡದಲ್ಲ, ಅಲ್ಲಿ ಇಡೀ ನಾಟಕ ಅವರ ಕೈಯಲ್ಲಿತ್ತು. ಆಗಸ್ಟ್ ವಿಲ್ಸನ್ ಕೇಳಿದ್ದು ಅದನ್ನೇ.

ಸಿನಿಮಾಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯವರನ್ನು ‘ಪರಮಾತ್ಮ’ದಿಂದ ಈಚೆಗೆ ಕನ್ನಡ ಪ್ರೇಕ್ಷಕರು ನೋಡುತ್ತಲೇ ಬಂದಿದ್ದಾರೆ, ಹೆಚ್ಚಾಗಿ ನಾಯಕನ ಗೆಳೆಯನಾಗಿ, ನಗಿಸುವ ಪಾತ್ರದಲ್ಲಿ. ನಾಳೆ ಯಾರಾದರೂ ‘ವದರಿಂಗ್ ಹೈಟ್ಸ್’ ಅನ್ನು ಮಲೆನಾಡಿನ ಒಂದು ಅಡಿಕೆ ತೋಟದ ಮನೆಗೆ ತರುತ್ತಾರೆ ಎಂದುಕೊಳ್ಳೋಣ. ಜಾಗ ಒಪ್ಪುತ್ತದೆ, ಮಳೆ ಒಪ್ಪುತ್ತದೆ, ಯಜಮಾನ ಎಲ್ಲಿಂದಲೋ ಕರೆತಂದ ಹುಡುಗನನ್ನು ಅಡುಗೆಮನೆಯ ಹೊಸಿಲಿನಾಚೆ ಕೂರಿಸಿ ಊಟ ಹಾಕುವುದಂತೂ ಯಾರೂ ಕಲಿಸದೆ ಬರುತ್ತದೆ. ಹೀತ್‌ಕ್ಲಿಫ್ ಪಾತ್ರ ಸಿದ್ದಿ ನಟನಿಗೆ ಎಂದು ಹೇಳಿ, ನಿರ್ಮಾಪಕರ ಉತ್ತರಕ್ಕೆ ಕಾಯಿರಿ. ಜನಾಂಗ, ಜಾತಿ ಎಂಬ ಮಾತೇ ಅವರ ಬಾಯಲ್ಲಿ ಬರುವುದಿಲ್ಲ. 2014ರಲ್ಲಿ ಈಜಿಪ್ಟಿನ ಕಥೆಗೆ ಬಿಳಿಯ ನಟರನ್ನೇ ಯಾಕೆ ಹಾಕಿದಿರಿ ಎಂದು ಕೇಳಿದಾಗ ನಿರ್ದೇಶಕ ರಿಡ್ಲಿ ಸ್ಕಾಟ್ ಕೊಟ್ಟ ಉತ್ತರವೂ ಅದೇ ಜಾತಿಯದ್ದು. ಆ ಕಡೆಯ ಹೆಸರಿನವರನ್ನು ನಾಯಕನನ್ನಾಗಿ ಹಾಕಿದರೆ ಇಷ್ಟು ದೊಡ್ಡ ಬಜೆಟ್ಟಿಗೆ ದುಡ್ಡು ಹುಟ್ಟುವುದಿಲ್ಲ ಎಂದಿದ್ದರು ಅವರು. ನಮ್ಮವರು ಇನ್ನೂ ಚಿಕ್ಕದಾಗಿ ಮುಗಿಸುತ್ತಾರೆ: ‘ಒಳ್ಳೇ ಆಕ್ಟರ್ ಸಾರ್, ಅದರಲ್ಲಿ ಎರಡು ಮಾತಿಲ್ಲ. ಮಾರ್ಕೆಟ್ ಇಲ್ಲ.’